ಚಂದವ್ವನ ತತ್ತಿಯೊಳಗಿನ ನರ

ನನ್ನ ಸೈಕಲ್ಲು ಕುಲುಕಿಯೇ ತತ್ತಿ ಕೆಟ್ಟವು ಎಂದು ಮಾನಪ್ಪ ಸರ್ ಅಂದ ಮಾತು ಇವತ್ತಿಗೂ ನನಗೆ ಉರಿಯುತ್ತದೆ. ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಹೊಟ್ಟಿನೊಳಗೆ ತತ್ತಿ ಹುದುಗಿಸಿದ ಬುಟ್ಟಿ ಹಿಡಿದು ಕಚ್ಚಾ ರಸ್ತೆಯಲ್ಲಿ ಮೂರು ಮೈಲು ಬಂದವನಿಗೆ ಹೇಳುವ ಮಾತೇ ಅದು?

೧೯೭೬. ಬಾಗೇವಾಡಿಯ ಕಾಲೇಜೊಂದರಲ್ಲಿ ನಾನು ಸಿಪಾಯಿ. ಓದಿದ್ದು ನಾಲ್ಕನೇ ಇಯತ್ತೆ. ಅಲ್ಲಿ ಪಾಠ ಹೇಳುತ್ತಿದ್ದ ಮಾನಪ್ಪ ಸರ್ ತಮ್ಮ ಪಿಎಚ್.ಡಿ.ಗೆಂದು ಕೋಳಿಮರಿಯ ನರ ಹೇಗೆ ಬೆಳೆಯುತ್ತದೆಂದು ನೋಡುತ್ತಿದ್ದರು. ಎಂಟು ದಿನ ಕಾವು ಪಡೆದ ತತ್ತಿಯಿಂದ ಸಾಸಿವೆಗಿಂತ ಸಣ್ಣ ನರದ ಗಂಟು ತೆಗೆದು ಗಾಜಿನ ಮೇಲೆ ಬೆಚ್ಚಗಿಟ್ಟರೆ ಅದರಿಂದ ಎಳೆಗಳು ಚಾಚಬೇಕು. ಮೂರು ತಿಂಗಳಲ್ಲಿ ಒಂದೂ ಚಾಚಲಿಲ್ಲ. ದೀಪಾವಳಿಯೊಳಗೆ ಧಾರವಾಡದ ಗುರುಗಳಿಗೆ ತೋರಿಸದಿದ್ದರೆ ಸರ್ ಅವರ ಐದು ವರ್ಷದ ದುಡಿಮೆ ನೀರುಪಾಲು.

ತತ್ತಿ ಕೊಡುತ್ತಿದ್ದವಳು ಚಂದವ್ವ. ಗಂಡನಿಲ್ಲ; ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದಳು. ಹನ್ನೊಂದು ಕೋಳಿ, ಪ್ರತಿಯೊಂದಕ್ಕೂ ಹೆಸರು. ಕಾವಿಗಿಟ್ಟ ತತ್ತಿಗೆ ದಿನಕ್ಕೊಂದು ಇದ್ದಿಲ ಗೆರೆ ಎಳೆಯುತ್ತಿದ್ದಳು, ಲೆಕ್ಕ ತಪ್ಪಿದ್ದೇ ಇಲ್ಲ. ಆದರೂ ಬೈಸಿಕೊಂಡ ಸಿಟ್ಟಿಗೆ ನೇರ ಅವಳ ಮನೆಗೇ ಹೋದೆ.

“ಎಂಥಾ ಕೆಟ್ಟ ತತ್ತಿ ಕೊಡ್ತಿ ಬೇ?”

“ಮದಲ ಬಾಯಿ ತೊಳ್ಕೊಂಡ ಬಾ. ನನ್ನ ಕೋಳಿ ನಿನಗಿಂತ ಶಾಣ್ಯಾ ಅದಾವ,” ಎಂದಳು ತಲೆ ಎತ್ತದೆ.

ಬುಟ್ಟಿಗೂ ತತ್ತಿಗೂ ಅದೆಂಥದೋ ರಸ ಸವರುತ್ತಿದ್ದಳು. ಬೆಂಕಿಯಂಥ ಹೂ ಬಿಡುವ ಅಗ್ನಿಶಿಖೆ ಬಳ್ಳಿಯ ಗಡ್ಡೆ ಅರೆದ ರಸವಂತೆ. ಯಾಕೆಂದು ಕೇಳಿದೆ.

“ಹೇನಿನ ಔಷಧ ತಮ್ಮಾ. ಹೇನ ಬಿದ್ರ ಕೋಳಿ ಕಾವಿಗೆ ಕುಂದ್ರೂದಿಲ್ಲ.”

“ಮರಿ ಆಗ್ತಾವೇನು?”

“ಹತ್ತರಾಗ ಆರು. ದೇವರು ಕೊಟ್ಟಷ್ಟು.”

ಗಡ್ಡೆಯೊಂದನ್ನು ತಂದು ಸರ್ ಮುಂದಿಟ್ಟು, ಅದರ ರಸ ತತ್ತಿಗೆ ಸವರುವ ಸಂಗತಿ ಹೇಳಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ನಗತೊಡಗಿದರು.

“ಪರಸಪ್ಪ, ನರದ ಎಳಿ ನಿಲ್ಲಿಸಿ ನೋಡಾಕಂತ ನಾ ಮುಂಬಯಿಂದ ಬಾಟ್ಲಿಯೊಳಗ ತರಿಸಿದ ವಿಷಾನ ಇದರಾಗ ಐತೋ! ಸಿಪ್ಪಿ ತೂತಿನಿಂದ ಒಳಗ ಇಳದೈತಿ; ಮರಿ ಎಲ್ಲಾ ಸಾಯೂವಷ್ಟಲ್ಲ, ಗಾಜಿನ ಮ್ಯಾಲೆ ಎಳಿ ತಡಿಯೂವಷ್ಟು.”

ಹಲಗೆಯ ಮೇಲೆ ಚಿತ್ರ ಬರೆದು ತಿಳಿಸಿದರು. ನರದ ಎಳೆಯೊಳಗೆ ಬಿದಿರ ಗಳಗಳಂಥ ಸಣ್ಣ ಕೊಳವೆಗಳಿರುತ್ತವೆ. ತುದಿಯಲ್ಲಿ ಬಲೆಯಂಥ ಇನ್ನೊಂದು ಪದಾರ್ಥ. ಆ ಬಲೆ ಬೆರಳು ಚಾಚಿ ದಾರಿ ತಡವುತ್ತದೆ. ಅದು ಹೋದತ್ತ ಗಳಗಳು ತುಂಡಿಗೆ ತುಂಡು ಕೂಡಿ ಉದ್ದವಾಗುತ್ತವೆ. ಈ ವಿಷ ತುಂಡುಗಳನ್ನು ಕೂಡಲು ಬಿಡುವುದಿಲ್ಲ.

“ಗಳಾ ಇಲ್ದ ಗುಡಾರ ನಿಲ್ತೈತೇನು?” ಎಂದರು.

ಹೇನಿಗೆ ರಸ ಬಿಟ್ಟು ಬೂದಿ ಹಾಕು ಎಂದು ನಾನು ಹೋಗಿ ಹೇಳಿದಾಗ ಚಂದವ್ವ ಗೊಣಗಿದಳು. ಕೊನೆಗೆ, “ಆತು. ಆದ್ರ ನನ್ನ ತತ್ತಿಯೊಳಗಿಂದ ಏನ ಬೆಳೀತೈತಿ, ನಿಮ್ಮ ದುರ್ಬೀನದಾಗ ನಂಗೂ ತೋರಸ್ಬೇಕು,” ಎಂದಳು.

“ತೋರಸ್ತೇನಿ,” ಎಂದೆ.

ಹೊಸ ತತ್ತಿ ಬಂದ ಮರುದಿನ ಸರ್ ನನ್ನನ್ನೂ ಕರೆದು ಚಂದವ್ವ ದುರ್ಬೀನ ಅಂದ ಆ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಗಂಟಿನ ಸುತ್ತ ಕೂದಲಿಗಿಂತ ತೆಳುವಾದ ಎಳೆಗಳು. ಒಂದೊಂದರ ತುದಿಯೂ ಕೂಸಿನ ಅಂಗೈಯಂತೆ ಅರಳಿತ್ತು. ನನ್ನ ಕಣ್ಣು ತೇವವಾಯಿತು. ದೀಪದ ಹೊಗೆ ಎಂದು ಸುಳ್ಳು ಹೇಳಿದೆ. ಗುರುಗಳು ಬಂದು ನೋಡಿ ಒಪ್ಪಿದರು.

ಆ ವಾರವೇ ಚಂದವ್ವ ಮಡಿಕೆ ಬಿಚ್ಚಿದ ಇಳಕಲ್ ಸೀರೆಯುಟ್ಟು, ಮೂರು ಮೈಲು ನಡೆದು ಕಾಲೇಜಿನ ಬಾಗಿಲಿಗೆ ಬಂದಳು. ಒಳಗೆ ಮೀಟಿಂಗಿತ್ತು. ಯಾರ ಮೇಲಿನದೋ ಸಿಟ್ಟಿನಲ್ಲಿ, “ಈಗಲ್ಲ, ಹೋಗ ಬೇ!” ಎಂದು ಗದರಿದೆ.

“ಸಾವಕಾಶ ತಮ್ಮಾ, ದುರ್ಬೀನ ಎಲ್ಲಿ ಓಡಿ ಹೋಗ್ತೈತಿ,” ಎಂದು ನಕ್ಕು ತಿರುಗಿದಳು.

ಚಳಿಗಾಲದಲ್ಲಿ ಮಗಳು ಅವಳನ್ನು ಮುದ್ದೇಬಿಹಾಳಕ್ಕೆ ಕರೆದೊಯ್ದಳು. ಯುಗಾದಿಗೆ ಮೊದಲೇ ಚಂದವ್ವ ತೀರಿಕೊಂಡಳು ಎಂದು ಸುದ್ದಿ ಬಂತು. ಅವಳು ಬಾಗಿಲಿಗೆ ಬಂದ ದಿನ ದುರ್ಬೀನವಿದ್ದ ಖೋಲಿಯ ಕೀಲಿಕೈ ನನ್ನ ಸೊಂಟದಲ್ಲೇ ಇತ್ತು.