ನಗುವ ಕೂಸಿನ ಡಬ್ಬಿ

ಸುನಂದಾ, ನಿನ್ನ ದೊಡ್ಡವ್ವ ತುಂಗಾಬಾಯಿಯವರಿಗೆ ನಾನು ಕೊಟ್ಟ ಫಿಲ್ಮಿನ ಡಬ್ಬಿಯಲ್ಲಿ ಅವರ ಮಗಳಿಲ್ಲ. ಕೊಡುವಾಗಲೇ ನನಗೆ ಗೊತ್ತಿತ್ತು. ಅದರಲ್ಲಿರುವುದು ಬಟ್ಟೆ ಸೋಪಿನ ಜಾಹೀರಾತು — ಬಕೆಟ್ಟು, ನೊರೆ, ಹಗ್ಗದ ಮೇಲೊಂದು ಧೋತರ.

ಡಬ್ಬಿಯ ಫಿಲ್ಮನ್ನು ಕಂಪ್ಯೂಟರಿಗೆ ಏರಿಸುವವರು ಸಿಕ್ಕಿದ್ದಾರೆಂದು ನಿನ್ನೆ ನೀನು ಫೋನ್ ಮಾಡಿದೆ. “ಕಾಕಾ, ಮೊದಲ ನೀವ ನೋಡಬೇಕ್ರಿ” ಎಂದೆ. ಅದಕ್ಕೇ ಈ ಕಾಗದ.

ಆ ಡಬ್ಬಿ ಕೊಟ್ಟ ಕಾಲಕ್ಕೆ ಕೊಂಢವಾ ಬಡಾವಣೆಯಲ್ಲಿ ನನ್ನದು ಗುಜರಿ ಗೋದಾಮು. ಹಳೆಯ ಫಿಲ್ಮುಗಳನ್ನು ತೂಕಕ್ಕೆ ಕೊಳ್ಳುತ್ತಿದ್ದೆ. ಅವುಗಳ ಲೇಪದೊಳಗಿನ ಬೆಳ್ಳಿ ತೆಗೆಯುವವರು ಬಂದು ಒಯ್ಯುತ್ತಿದ್ದರು, ಉಳಿದ ಪಟ್ಟಿ ಬಳೆ ಮಾಡುವವರಿಗೆ. ನಿನ್ನ ದೊಡ್ಡವ್ವ ಹುಡುಕುತ್ತಿದ್ದ ಚಿತ್ರ ನಿಜವಾಗಿಯೂ ನನ್ನಲ್ಲಿತ್ತು. ಟಾಕಿ ಸಿನೆಮಾ ಶುರುವಾದ ಕಾಲದಲ್ಲಿ, ಮುಖದ ಸಿಡುಬಿನ ಕಲೆ, ಆ ಒಡಕು ದನಿ — ಹರೆಯದಲ್ಲೇ ಅವರಿಗೆ ಘಟವಾಣಿ, ಗಯ್ಯಾಳಿ ಅತ್ತೆಯ ಪಾತ್ರ ಕಟ್ಟಿದ್ದರಲ್ಲ. ಈ ಚಿತ್ರದಲ್ಲಿ ಸೊಸೆಯ ಕೂಸನ್ನು ಕಸಿದುಕೊಳ್ಳಬೇಕಿತ್ತು. ಕೂಸು ಅವರದೇ. ಅಳಬೇಕಾದದ್ದು, ತಾಯಿ ಎತ್ತಿಕೊಂಡಳೆಂದು ನಕ್ಕುಬಿಟ್ಟಿತಂತೆ. ಆಮೇಲೆ ಜ್ವರದಲ್ಲಿ ಹೋಯಿತು. ಒಂದು ಫೋಟೋ ಕೂಡ ಇಲ್ಲ. ಆ ನಗು ಇದ್ದದ್ದು ಅಲ್ಲಿ ಮಾತ್ರ.

ಕೊಳ್ಳುವವರ ಆಸೆ ಕಂಡೊಡನೆ ಮಾಲು ಬಚ್ಚಿಡಬೇಕು — ಎಷ್ಟೋ ಜನರಿಗೆ ನಾನೇ ಕಲಿಸಿದ ಪಾಠ. “ಹುಡುಕಿ ನೋಡ್ತೀನ್ರಿ, ಮುಂದಿನ ವಾರ ಬರ್ರಿ” ಎಂದೆ. ಅವರ ಕಿವಿಯ ಬುಗುಡಿಯ ಮೇಲೆ ನನ್ನ ಕಣ್ಣಿತ್ತು. ಅಷ್ಟರಲ್ಲಿ ಬೆಳ್ಳಿಯವರು ಬಂದರು. ಅದೊಂದು ಡಬ್ಬಿ ತೆಗೆದಿಟ್ಟಿದ್ದರೆ — ಇಡಲಿಲ್ಲ. ತೂಕ ಕಡಿಮೆಯಾಗುತ್ತಿತ್ತು. ಅದೂ ಅವರ ಗಾಡಿಯಲ್ಲೇ ಹೋಯಿತು.

ಅವರು ಬುಗುಡಿ ಬಿಚ್ಚಿ ಕೈಯಲ್ಲಿ ಹಿಡಿದೇ ಬಂದರು. ಕಣ್ಣಿಗೆ ಪೊರೆ ಬಂದಿತ್ತು. ಸೋಪಿನ ಡಬ್ಬಿ ಕೊಟ್ಟೆ. ಬಾಗಿಲ ಬೆಳಕಿಗೆ ಪಟ್ಟಿ ಹಿಡಿದು ಬಹಳ ಹೊತ್ತು ನಿಂತರು.

“ನೋಡ್ರಿ, ನಗಾಕತ್ತಾಳ!”

“ಹೌದ್ರಿ ಬಾಯಾರ, ನಗಾಕತ್ತಾಳ” ಎಂದೆ — ನಾನು.

ಮೇಲೊಂದು ಸಲಹೆ ಬೇರೆ: “ಮಷೀನಿಗೆ ಹಾಕಬ್ಯಾಡ್ರಿ, ಭಾಳ ಹಳೇದು, ಸುಟ್ಟುಹೋಗ್ತದ.” ಸಾಯುವವರೆಗೆ ಪಾಲಿಸಿದರು. ಡಬ್ಬಿ ಅವರ ತಲೆದಿಂಬಿನ ಪಕ್ಕದಲ್ಲೇ ಇರುತ್ತಿತ್ತೆಂದು ನೀನೇ ಹೇಳಿದ್ದೆ. ಕೇಳಿ ತಲೆಯಾಡಿಸಿದೆ, ನೀನು ಕೊಟ್ಟ ಚಹಾ ಕುಡಿದೆ.

ನಾಳೆ ಯಾರಿಗೂ ತೋರಿಸಬೇಡ, ಡಬ್ಬಿ ಹಾಗೇ ಮುಚ್ಚಿಡು ಎಂದು ಬರೆಯಹೊರಟಿದ್ದೆ — ನೋಡು, ಮತ್ತೆ ಸಲಹೆ. ಅದೂ ನನ್ನ ಮಾನ ಉಳಿಸಲಿಕ್ಕೆ. ತೋರಿಸು. ಎಲ್ಲರೂ ನೋಡಲಿ.

ಬುಗುಡಿ ನನ್ನ ಹೆಂಡತಿಯ ಕಿವಿಯಲ್ಲಿತ್ತು. ಚೆಂದ ಅದಾವ ಎಂದು ನೀನು ಹೊಗಳಿದ್ದೆಯಲ್ಲ, ಅವೇ. ನಿನಗೆ ಕಳಿಸಬೇಕು, ಬಿಚ್ಚಿಕೊಡು ಎಂದೆ, ಯಾಕೆಂದು ಕೇಳಿದಳು, ಹೇಳಿದೆ. ಬಿಚ್ಚಿ ಮೇಜಿನ ಮೇಲಿಟ್ಟಳು. ನನ್ನ ಕೈಗೆ ಕೊಡಲಿಲ್ಲ.