ಅಂಕಯ್ಯನ ಹೊಲದಲ್ಲಿ ಕರಗಿದ ಮಣ್ಣು

ಬೆಂಗಳೂರಿನ ಪ್ರಯೋಗಾಲಯದಲ್ಲಿ ಲತಾಮಣಿ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರೆ ಚನ್ನಪಟ್ಟಣದ ಅವಳ ಬೀದಿಯವರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು: ದಾಸಪ್ಪನ ಮಗಳು ಕಲ್ಲು ಕರಗಿಸ್ತಾಳೆ. ಮಾತು ಸುಳ್ಳಲ್ಲ. ಗ್ರಾನೈಟನ್ನು ಹಿಟ್ಟಿನಂತೆ ಪುಡಿ ಮಾಡಿ, ಪ್ಲಾಟಿನಂ ಬಟ್ಟಲಿಗೆ ತುಂಬಿ, ಸಾವಿರದೈನೂರು ಡಿಗ್ರಿ ಬಿಸಿಯ ಕರೆಂಟಿನ ಕುಲುಮೆಯಲ್ಲಿಟ್ಟು ಕರಗಿಸಬೇಕು. ಆ ಪಾಕ ಎಷ್ಟು ಮಂದವಾಗಿ ಹರಿಯುತ್ತದೆ, ಒಳಗಿನ ಆವಿ ಎಷ್ಟು ಗುಳ್ಳೆ ಎಬ್ಬಿಸುತ್ತದೆ ಎಂದು ಅಳೆಯಬೇಕು. ಜ್ವಾಲಾಮುಖಿಯೊಂದು ಸುಮ್ಮನೆ ಹರಿಯುವುದೋ ಸಿಡಿಯುವುದೋ ಎಂಬುದು ಬಹುಪಾಲು ಆ ಮಂದತನವನ್ನೇ ಅವಲಂಬಿಸಿರುತ್ತದೆ. ಅವಳು ದಿನಾ ಬೆಳಿಗ್ಗೆ ರೈಲು ಹತ್ತಿ ಹೋಗಿ ಮಾಡಿಬರುತ್ತಿದ್ದುದು ಇದನ್ನೇ.

ಬಿಸಿಗೆ ಗಟ್ಟಿ ವಸ್ತು ಹರಿಯುವುದನ್ನು ಅವಳು ಮೊದಲು ನೋಡಿದ್ದು ಕಾಲೇಜಿನಲ್ಲಲ್ಲ. ಅಪ್ಪ ದಾಸಪ್ಪ ಇಮಾಮ್ ಸಾಬರ ಬೊಂಬೆ ಕಾರ್ಖಾನೆಯಲ್ಲಿ ಲೇತ್ ಮುಂದೆ ಕೂರುತ್ತಿದ್ದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಮೆತ್ತಗಾಗಿ ಮರದ ಮೈಗೆ ಹರಡಿಕೊಳ್ಳುತ್ತಿತ್ತು. ಶಾಲೆ ಬಿಟ್ಟ ಮೇಲೆ ಅವಳು ಅದನ್ನು ನೋಡುತ್ತಾ ಗಂಟೆಗಟ್ಟಲೆ ಕೂತಿರುತ್ತಿದ್ದಳು.

ಆದರೆ ಅವಳಿಗೆ ಕುಲುಮೆಯ ಭಯವಿತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಸರಿಯಾಗಿ ಒಣಗದ ಪುಡಿಯಿದ್ದ ಬಟ್ಟಲೊಂದು ಬಾಗಿಲು ತೆರೆಯುವ ಹೊತ್ತಿಗೇ ಸಿಡಿದು, ಹನಿಯೊಂದು ಅವಳ ಎಡ ಮಣಿಕಟ್ಟಿನ ಮಾಂಸ ಸುಟ್ಟಿತ್ತು. ಅಂದಿನಿಂದ ಕುಲುಮೆಯ ಬಾಗಿಲ ಹಿಡಿಗೆ ಕೈಯಿಡುವಾಗಲೆಲ್ಲ ಅವಳು ಒಮ್ಮೆ ಕೈ ಹಿಂದಕ್ಕೆಳೆದುಕೊಂಡು ಮತ್ತೆ ಇಡುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

2006ರ ಅಕ್ಟೋಬರ್. ಎರಡು ದಿನ ಮಳೆ ಸುರಿದು ಹೊಳವಾಗಿದ್ದ ಭಾನುವಾರ ಬೆಳಿಗ್ಗೆ, ದೊಡ್ಡಮಳೂರಿನಾಚೆ ಹೊಲವಿದ್ದ ಅಂಕಯ್ಯ ಲತಾಮಣಿಯ ಮನೆಗೆ ಬಂದ. ದಾಸಪ್ಪನ ಹಳೆಯ ಸ್ನೇಹಿತ. ಹೊಸಿಲ ಆಚೆಯೇ ನಿಂತು ಮಾತಾಡಿದ.

"ನಮ್ಮೊಲ್ದಲ್ಲಿ ಭೂಮಿ ಬಾಯ್ ಬುಟ್ಟೈತೆ ಕಣವ್ವ. ಬೆಂಕಿ ರಸ ಉಕ್ತಾ ಐತೆ. ಮೇಯಕ್ಕೋದ ಮೇಕೆ ಅದ್ರತ್ರ ಹೋಗಿ ನಿಂತಲ್ಲೇ ಬಿದ್ದು ಸತ್ತೋಯ್ತು. ನೀನು ಇದ್ನೇ ಓದಿರೋಳಂತೆ. ಒಸಿ ಬಂದು ನೋಡವ್ವ."

ಆಗುವ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ಸಾವನದುರ್ಗದಿಂದ ಹಿಡಿದು ಈ ಸೀಮೆಯ ಬಂಡೆಗಳೆಲ್ಲ ಶಿಲಾಪಾಕವಾಗಿದ್ದವು ನಿಜ. ಅದು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದಿನ ಮಾತು. ಆದರೂ ನೋಡದೆ ಇರಲಾಗಲಿಲ್ಲ. ಮಾರನೆಯ ದಿನ ಕನಕಪುರದ ಕಡೆಯ ಇಟ್ಟಿಗೆ ಗೂಡೊಂದರಲ್ಲಿ ಬಿಸಿ ಅಳೆಯಲೆಂದು ತಂದಿಟ್ಟುಕೊಂಡಿದ್ದ ಉದ್ದನೆಯ ಉಕ್ಕಿನ ಅಳತೆಕೋಲು ಮನೆಯಲ್ಲೇ ಇತ್ತು. ಅದನ್ನು ಹಿಡಿದು ಅಂಕಯ್ಯನ ಹಿಂದೆ ಹೊರಟಳು.

ಹೊಲದ ಅಂಚಿನಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಇಪ್ಪತ್ತು ಮಾರು ದೂರದಲ್ಲಿ ನೆಲದಿಂದ ಹೊಗೆ ಏಳುತ್ತಿತ್ತು. ಹೊಗೆಯ ಬುಡದಲ್ಲಿ ಕೆಂಡದ ಬಣ್ಣದ ಪಾಕ ಕೊತಕೊತ ಗುಳ್ಳೆಯೆದ್ದು, ಪಕ್ಕಕ್ಕೆ ಹರಿದು, ಹಸಿರುಗಪ್ಪು ಗಾಜಾಗಿ ಹೆಪ್ಪುಗಟ್ಟುತ್ತಿತ್ತು. ಮೇಕೆ ನಾಲ್ಕು ಕಾಲೂ ಚಾಚಿ ಅಲ್ಲೇ ಬಿದ್ದಿತ್ತು. ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ.

ಲತಾಮಣಿಗೆ ಮೈ ನವಿರೆದ್ದಿತು. ಇಷ್ಟು ಕಾಲ ಬಟ್ಟಲಲ್ಲಿ ಮಾತ್ರ ನೋಡಿದ್ದು ಈಗ ಬಯಲಲ್ಲಿ ಉಕ್ಕುತ್ತಿತ್ತು. ಆ ಆಸೆಯಲ್ಲೇ ಅವಳು ಕೋಲನ್ನು ಮುಂದಕ್ಕೆ ಚಾಚಿಕೊಂಡು ನಡೆದಳು. ನಡೆಯುತ್ತಲೇ ಒಂದು ಸಂಗತಿ ಮನಸ್ಸಿಗೆ ಹತ್ತಿತು. ಕರಗಿದ ಗ್ರಾನೈಟು ಹೀಗೆ ಹರಿಯುವುದಿಲ್ಲ. ಅದು ಬೆಲ್ಲದ ಗಟ್ಟಿ ಪಾಕಕ್ಕಿಂತಲೂ ಮಂದ, ತೆವಳುತ್ತದೆ. ಇದು ಎಣ್ಣೆಯಂತೆ ಜಾರುತ್ತಿತ್ತು. ಇದು ಆಳದಿಂದ ಬಂದದ್ದಲ್ಲ, ಹೊಲದ ಕೆಮ್ಮಣ್ಣೇ ಕರಗಿದೆ. ಮಣ್ಣು ಕರಗುವಷ್ಟು ಬಿಸಿ ಎಲ್ಲಿಂದ ಬಂತು?

ಮಳೆಗೆ ನೆನೆದ ಚರ್ಮದ ಚಪ್ಪಲಿಯೊಳಗೆ ಎಡ ಅಂಗಾಲು ಜುಮ್ಮೆಂದಿತು.

ಅವಳು ನಿಂತಳು. ಆಗ ಕಿವಿಗೆ ಗುಯ್ಯೆನ್ನುವ ಸದ್ದು ಬಿತ್ತು, ಮೂಗಿಗೆ ಕುಲುಮೆಯ ಕೋಣೆಯಲ್ಲಿ ಕರೆಂಟಿನ ಕಿಡಿ ಹಾರಿದಾಗ ಬರುವಂಥ ಚುರುಕು ವಾಸನೆ. ತಲೆಯೆತ್ತಿದಳು. ಹೆದ್ದಾರಿ ಪಕ್ಕದ ಹೊಸ ಕಾರ್ಖಾನೆಗೆಂದು ಬೇಸಿಗೆಯಲ್ಲಿ ಎಳೆದ ದೊಡ್ಡ ಕರೆಂಟಿನ ಲೈನು. ಕಂಬದ ಮೇಲೆ ತಂತಿ ಹೊತ್ತಿದ್ದ ಪಿಂಗಾಣಿ ಒಡೆದು, ತಂತಿ ಜಾರಿ, ಕಂಬವನ್ನು ನೆಲಕ್ಕೆ ಬಿಗಿದಿದ್ದ ಕಂಬಿಯ ಮೇಲೆ ಒರಗಿತ್ತು. ಕಂಬಿ ನೆಲಕ್ಕಿಳಿದ ಜಾಗದಲ್ಲೇ ಮಣ್ಣು ಕುದಿಯುತ್ತಿತ್ತು. ಸಾವಿರಾರು ವೋಲ್ಟು ಒದ್ದೆ ನೆಲದಲ್ಲಿ ಹರಡಿತ್ತು. ಅವಳು ಅದರ ಮೇಲೆಯೇ, ಕೈಯಲ್ಲಿ ಉಕ್ಕಿನ ಕೋಲು ಚಾಚಿಕೊಂಡು ನಿಂತಿದ್ದಳು.

ಕೋಲನ್ನು ಎದೆಗೆ ಒತ್ತಿಕೊಂಡಳು. ಎರಡು ಪಾದಗಳ ನಡುವೆ ಅಂತರವಿದ್ದಷ್ಟೂ ಕರೆಂಟು ಒಂದು ಕಾಲಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಮೇಕೆ ಸತ್ತದ್ದು ಹಾಗೆಯೇ, ಅದರ ಮುಂಗಾಲಿಗೂ ಹಿಂಗಾಲಿಗೂ ಎಷ್ಟು ದೂರ. ಅವಳು ಪಾದ ಜೋಡಿಸಿ, ನೆಲ ಬಿಡದೆ, ಬೆರಳಷ್ಟು ಬೆರಳಷ್ಟೇ ಹಿಂದಕ್ಕೆ ಜರುಗಿದಳು. ಹಿಂದೆ ಯಾರೋ, "ದಾಸಪ್ಪನ ಮಗ್ಳೇ ಹೆದ್ರುಬುಟ್ಲು," ಎಂದದ್ದು ಕೇಳಿಸಿತು.

ಬದು ಮುಟ್ಟಿದವಳೇ ಲೈನ್‌ಮ್ಯಾನ್ ಗಫಾರನಿಗೆ ಫೋನು ಮಾಡಿದಳು. ಅವರ ಬೀದಿಯವನೇ. ಅವನು ಲೈನು ನಿಲ್ಲಿಸಲು ಓಡಿದ. ಫೋನು ಇಟ್ಟು ತಿರುಗಿದಾಗ ಅಂಕಯ್ಯನ ಹೆಂಡತಿ ಬೋರಮ್ಮ, ಭೂಮ್ತಾಯಿಯನ್ನು ತಣ್ಣಗೆ ಮಾಡಲೆಂದು ಅರಿಶಿನ ನೀರಿನ ಬಿಂದಿಗೆ ಹೊತ್ತು, ಬರಿಗಾಲಲ್ಲಿ ಹೊಲದ ಇನ್ನೊಂದು ಮಗ್ಗುಲಿಂದ ಇಳಿದಾಗಿತ್ತು. ಹತ್ತು ಹೆಜ್ಜೆ ಹೋಗಿ ಗಕ್ಕನೆ ನಿಂತಳು. ಮೊಣಕಾಲು ನಡುಗುತ್ತಿತ್ತು.

"ಬತ್ತಾವ್ಳೆ," ಎಂದಳು ಬೋರಮ್ಮ. "ಅವ್ವ ಕಾಲಲ್ಲಿ ಹತ್ತಿ ಬತ್ತಾವ್ಳೆ."

ಭೂಮ್ತಾಯಿ ಅವಳ ಮೈಮೇಲೆ ಬರುತ್ತಿದ್ದಾಳೆಂದು ಜನ ಕೈಮುಗಿದರು. ಅಂಕಯ್ಯ ಹೆಂಡತಿಯ ಕಡೆ ನುಗ್ಗಿದ. ಲತಾಮಣಿ ಅವನ ಅಂಗಿ ಹಿಡಿದು ಎಳೆದಳು.

"ದೊಡ್ಡಪ್ಪ, ಹೋಗಬ್ಯಾಡಿ. ನೆಲ್ದಲ್ಲಿ ಕರೆಂಟೈತೆ. ಇಬ್ರೂ ಉಳಿಯಲ್ಲ."

"ಅವಳ್ನ ಹಂಗೇ ಬುಡ್ಲಾ?"

"ದೊಡ್ಡವ್ವ, ಕರೆಂಟೈತೆ, ನಿಂತ್ಕೊ," ಎಂದು ಲತಾಮಣಿ ಕೂಗಿದಳು. ಬೋರಮ್ಮನಿಗೆ ಅದು ಮುಟ್ಟಲಿಲ್ಲ. ಮುಂದಿನ ಹೆಜ್ಜೆಗೆಂದು ಬಲಗಾಲು ಎತ್ತಿದಳು. ಅವಳ ಕಣ್ಣು ಪಾಕದ ಮೇಲೆ ನೆಟ್ಟಿತ್ತು.

ಹದಿನಾರು ವರ್ಷ ಓದಿದ್ದು ಆ ಕ್ಷಣಕ್ಕೆ ಬಾಯಿಗೆ ಬರಲಿಲ್ಲ. ಲತಾಮಣಿಯ ಬಾಯಿಂದ ಬೇರೆಯೇ ದನಿ ಹೊರಟಿತು.

"ಬೋರಿ, ನಿಲ್ಲು. ಅವ್ವ ಯೋಳ್ತಾವ್ಳೆ. ಕಾಲು ಇಳ್ಸು, ಎರಡೂ ಪಾದ ಜೋಡ್ಸು."

ಎತ್ತಿದ ಕಾಲು ಇಳಿದು ಇನ್ನೊಂದಕ್ಕೆ ಸೇರಿತು.

"ನೀರು ಒಂದನಿ ಚೆಲ್ಲಬ್ಯಾಡ. ಅವ್ವಂಗೆ ಬೆನ್ನು ತೋರ್ಸಬ್ಯಾಡ. ಪಾದ ನೆಲಕ್ಕೆ ಉಜ್ಕೊಂಡು ಹಿಂದಕ್ಕೆ ಜರುಗು. ಬೆರಳಷ್ಟು. ಇನ್ನೊಂದು ಬೆರಳಷ್ಟು."

ಬೋರಮ್ಮ ಜರುಗಿದಳು. ಹತ್ತು ಹೆಜ್ಜೆಯ ದೂರಕ್ಕೆ ಎಷ್ಟು ಹೊತ್ತು ಹಿಡಿಯಿತೋ ಯಾರಿಗೂ ತಿಳಿಯಲಿಲ್ಲ. ನಡುವೆ ಒಮ್ಮೆ ವಾಲಿದಳು, ಬಿಂದಿಗೆಯ ನೀರು ತುಳುಕಿತು, ಯಾರೋ ಹೆಂಗಸು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತುಬಿಟ್ಟಳು. ಬದುವಿನ ಹುಲ್ಲಿಗೆ ಹಿಮ್ಮಡಿ ತಾಗಿದ ಮೇಲೆ, ಬದು ಸುತ್ತಿ ಬಂದಿದ್ದ ಅಂಕಯ್ಯ ಹೆಂಡತಿಯನ್ನು ತೋಳಿನಲ್ಲಿ ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಗುಯ್ಯೆನ್ನುವ ಸದ್ದು ನಿಂತಿತು. ಕೆಂಡದ ಬಣ್ಣ ನೋಡನೋಡುತ್ತ ಕಂದಿತು.

ಗಫಾರ್ ಬಂದು ಕಂಬಿ ನೋಡಿ, ಮೇಕೆ ನೋಡಿ, ಲತಾಮಣಿಯ ಕೈಯಲ್ಲಿದ್ದ ಕೋಲು ನೋಡಿದ.

"ಇದು ತಗೊಂಡು ಎಲ್ಲಿವರ್ಗೂ ಹೋಗಿದ್ರಿ ಮೇಡಂ?"

ಅವಳು ತೋರಿಸಿದಳು. ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ.

ಆರಿದ ಗಾಜಿನ ತುಂಡೊಂದನ್ನು ಅವಳು ಪ್ರಯೋಗಾಲಯಕ್ಕೆ ಒಯ್ದಳು. ಕಬ್ಬಿಣ ಹೆಚ್ಚಿದ್ದ ಮಣ್ಣು, ಅದಕ್ಕೇ ಅಷ್ಟು ತೆಳ್ಳಗೆ ಹರಿದಿತ್ತು. ಅವಳ ಊಹೆ ಸರಿಯಾಗಿತ್ತು. ಆದರೆ ಅಳತೆ ಮಾಡಿದವಳು ಅವಳಲ್ಲ, ಜೊತೆಗೆ ಕೆಲಸ ಮಾಡುವ ನಯನಾ. ಲತಾಮಣಿಗೆ ಒಂದು ತಿಂಗಳು ಕುಲುಮೆಯ ಸ್ವಿಚ್ಚು ಮುಟ್ಟಲಾಗಲಿಲ್ಲ. ಸ್ನಾನದ ಮನೆಯ ಒದ್ದೆ ನೆಲದ ಮೇಲೆ ಕಾಲಿಡುವಾಗ ಪಾದಗಳು ತಾವಾಗಿ ಜೋಡಿಸಿಕೊಳ್ಳುತ್ತಿದ್ದವು. ಕೊನೆಗೆ ಭಯವನ್ನು ನಯನಾಳಿಗೆ ಹೇಳಿಕೊಂಡಳು. ಆ ಮೇಲೆ ಕುಲುಮೆಯ ಬಾಗಿಲನ್ನು ಇಬ್ಬರೂ ಸೇರಿಯೇ ತೆರೆಯತೊಡಗಿದರು.

ಸಂಕ್ರಾಂತಿಯ ಹೊತ್ತಿಗೆ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಬೋರಮ್ಮ ಸಿಕ್ಕಳು.

"ಅವತ್ತು ನಿನ್ ಮೈಮ್ಯಾಲೆ ಬಂದಿದ್ದು ಯಾವವ್ವ?" ಎಂದು ಮೆಲ್ಲಗೆ ಕೇಳಿದಳು.

"ಯಾರೂ ಬಂದಿರ್ಲಿಲ್ಲ ದೊಡ್ಡವ್ವ. ನಂಗೆ ಭಯ ಆಗಿತ್ತು, ಅಷ್ಟೇಯ."

ಬೋರಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. "ನಾನು ಇನ್ನೂ ಆ ಮಗ್ಗುಲಿಗೆ ಹೋಗಲ್ಲ ಕಣವ್ವ," ಎಂದಳು. "ರಾಗಿ ಕೊಯ್ಯಕ್ಕೂ ಇಳಿಲಿಲ್ಲ."

"ನಾನೂ ಹೋಗಲ್ಲ," ಎಂದಳು ಲತಾಮಣಿ.