ಸಾಹೇಬರಿಗಾಗಿ ಕುಯ್ದ ಜೊಂಡು

ಗುಬ್ಬಿ ತಾಲ್ಲೂಕಿನಲ್ಲಿ, ನಿಟ್ಟೂರಿನಿಂದ ಒಳಕ್ಕಿದ್ದ ಒಂದು ಊರಿನ ಶಾಲೆಯಲ್ಲಿ ನಾನು ಮೇಡಂ ಆಗಿದ್ದೆ. ಎಪ್ಪತ್ತರ ದಶಕದ ಕೊನೆ. ಶಾಲೆಯ ಹಿಂದೆಯೇ ಕೆರೆ. ಹಳ್ಳ ಬಂದು ಕೆರೆಗೆ ಸೇರುವ ಕಡೆ ಆಳೆತ್ತರದ ಜೊಂಡು. ಮಳೆಗಾಲದಲ್ಲಿ ಅದರೊಳಗೆ ನೀರುಕೋಳಿ, ಬಾತು, ನನಗೆ ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಅವುಗಳ ಗಲಾಟೆಯಲ್ಲಿ ಮಗ್ಗಿ ಹೇಳಿಸುವುದೇ ಕಷ್ಟ. ಮೊದಮೊದಲು ಬೈದುಕೊಳ್ಳುತ್ತಿದ್ದೆ.

ಆ ಜೊಂಡಿನ ಜಾಗವನ್ನು ಅಳೆದು ತೆಂಗಿನ ತೋಟಕ್ಕೆ ಹಂಚುತ್ತಾರೆಂದು ಸುದ್ದಿಯಾದಾಗ ಊರಿನ ನೀರುಗಂಟಿ ನನ್ನಲ್ಲಿಗೆ ಬಂದರು. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವವರು. ವಯಸ್ಸಾಗಿತ್ತು, ತಾತ ಎನ್ನುತ್ತಿದ್ದೆ.

"ಜೊಂಡು ಹೋದ್ರೆ ಹಳ್ಳದ ಮಣ್ಣೆಲ್ಲ ಕೆರೆಗೇ ಬತ್ತದೆ ಮೇಡಮ್ಮೋರೆ. ಹಕ್ಕೀನೂ ಹೋಯ್ತವೆ, ನೀರೂ ಹೋಯ್ತದೆ. ಸರ್ಕಾರಕ್ಕೊಂದು ಕಾಗ್ದ ಬರೀರಿ, ಕಾಪಾಡ್ಲಿ."

ಬರೆದೆ. ಸಿ.ಎಲ್. ಹಾಕಿ ಹಾಕಿ ತುಮಕೂರಿಗೆ ಅಲೆದೆ. ಕಂದಾಯದವರು ಅರಣ್ಯದವರನ್ನು ತೋರಿಸಿದರು, ಅರಣ್ಯದವರು ಕಂದಾಯದವರನ್ನು. "ಕುಣಿಗಲ್ ದೊಡ್ಡಕೆರೆಗೇ ಇಲ್ದಿರೋ ಮರ್ಯಾದೆ ನಿಮ್ಮೂರ್ ಗುಂಡಿಗಾ ಮೇಡಂ?" ಎಂದು ಗುಮಾಸ್ತರೊಬ್ಬರು ನಕ್ಕರು. ಮೇಲಿನವರು ಒಪ್ಪಿದರೂ ಕಡತ ಆ ಗುಮಾಸ್ತರ ಮೇಜು ಬಿಟ್ಟು ಏಳಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಮೂರನೆಯ ವರ್ಷದ ಮಳೆಗಾಲದಲ್ಲಿ, ಒಬ್ಬ ಅಧಿಕಾರಿ ಸ್ಥಳ ತನಿಖೆಗೆ ಬರುತ್ತಾರೆಂದು ಪತ್ರ ಬಂತು.

ತನಿಖೆ ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ಇನ್‌ಸ್ಪೆಕ್ಟರ್ ಬರುವ ಮುನ್ನ ಶಾಲೆ ಗುಡಿಸಿ, ಸುಣ್ಣ ಬಳಿದು, ಮಾವಿನ ತೋರಣ ಕಟ್ಟುವುದು. ನನ್ನ ಜಾಣ ತಲೆಗೆ ಬೇರೇನೂ ಹೊಳೆಯಲಿಲ್ಲ.

"ಸಾಹೇಬರು ಏರಿ ಮೇಲೆ ನಿಂತ್ರೆ ಕೆರೆ ಒಪ್ಪವಾಗಿ ಕಾಣ್ಬೇಕು ತಾತ. ಜೊಂಡು ಸ್ವಲ್ಪ ಸವರಿಸಿ" ಎಂದೆ.

"ಒಳ್ಗೆ ಗೂಡು ಅವಲ್ಲವ್ವ."

"ಒಂದಂಚು ಮಾತ್ರ."

"ಆಯ್ತು ಬುಡಿ. ಓದ್ದೋರ್ಗೆ ಗೊತ್ತಿರ್ತದೆ."

ಮೊದಲ ಕುಡುಗೋಲು ಅವರದೇ. ಆಮೇಲೆ, ಕೆರೆ ಕೆಲಸ ಎಂದ ಮೇಲೆ ಕೇಳಬೇಕೆ, ಮನೆಗೊಂದಾಳಿನಂತೆ ಊರೇ ಇಳಿಯಿತು. ಎರಡು ದಿನಕ್ಕೆ ಅಂಚೂ ಇಲ್ಲ, ನಡುವೂ ಇಲ್ಲ. ಕುಯ್ದ ಜೊಂಡನ್ನು ಚಾಪೆಗೆಂದು ಹೊತ್ತುಕೊಂಡು ಹೋದರು. ಹೆಂಗಸರು ಏರಿಯ ಮೇಲೆ ರಂಗೋಲಿ ಹಾಕಿದರು. ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯ ದಿನ ಬೆಳಗ್ಗೆ ಮಗ್ಗಿ ಹೇಳಿಸುವಾಗ ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಹೊರಗೆ ಒಂದು ಸದ್ದೂ ಇರಲಿಲ್ಲ. ಏನಾಗಿದೆ ಎಂದು ಅರ್ಥವಾಯಿತು. ಆದರೂ ಎಂಟರ ಮಗ್ಗಿ ಮುಗಿಸಿ ಒಂಬತ್ತರದ್ದು ಶುರುಮಾಡಿದೆ.

ಮಧ್ಯಾಹ್ನ ಜೀಪು ಬಂತು. ಅಧಿಕಾರಿ ಕೆಟ್ಟವರಲ್ಲ. ಹಾರ ಹಾಕಿಸಿಕೊಂಡರು, ಎಳನೀರು ಕುಡಿದರು, ದುರ್ಬೀನು ಹಿಡಿದು ಬಿಸಿಲಿನಲ್ಲಿ ಬಹಳ ಹೊತ್ತು ನಿಂತರು. ಎರಡು ಕಾಗೆ ಕಂಡವು.

"ಹಕ್ಕಿ ಎಲ್ಲಿ ಮೇಡಂ?"

"ಮೊನ್ನೆ ಇದ್ವು ಸಾರ್." ಕುಯ್ಯಿಸಿದ್ದು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಅವರು ಏನೋ ಬರೆದುಕೊಂಡು ಹೋದರು.

ಕಾಗದ ಬರಲು ಆರು ತಿಂಗಳಾಯಿತು. ತಾತನಿಗೆ ಓದು ಬರುತ್ತಿರಲಿಲ್ಲ. ಶಾಲೆಯ ಜಗಲಿಯಲ್ಲಿ ಕೂತು, ಕೈ ಕಟ್ಟಿಕೊಂಡು ಕೇಳಿದರು. ಕೆರೆಯಲ್ಲಿ ಹಕ್ಕಿಗಳಾಗಲಿ ಗೂಡುಗಳಾಗಲಿ ಇಲ್ಲ, ಅರ್ಜಿ ಮುಕ್ತಾಯ ಎಂದಿತ್ತು. ಒಂದಕ್ಷರ ಬಿಡದೆ ಓದಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಅಳುತ್ತಿದ್ದೆನೇನೋ.

"ಸುಳ್ಳೇನ್ ಬರ್ದಿಲ್ಲ ಬುಡಿ" ಎಂದರು.

ನನಗೆ ಏನೂ ಅನ್ನಿಸಲಿಲ್ಲ. ಕಾಗದವನ್ನು ಹಾಜರಿ ಪುಸ್ತಕದೊಳಗೆ ಇಟ್ಟೆ.

ಮುಂದಿನ ಮಳೆಗೆ ಜೊಂಡು ಮತ್ತೆ ಮೊಳಕಾಲುದ್ದ ಚಿಗುರಿತು. ಅಷ್ಟರಲ್ಲಿ ಅಳತೆ ಮುಗಿದು, ಕಲ್ಲು ನೆಟ್ಟು, ತೆಂಗಿನ ಗುಂಡಿಗಳನ್ನು ತೋಡಿಯಾಗಿತ್ತು. ಒಂದು ನೀರುಕೋಳಿ ಬಂದು ಗುಂಡಿಯಿಂದ ಗುಂಡಿಗೆ ಓಡಾಡಿತು. ತಾತ ಅದನ್ನು ತೋರಿಸಲು ನನ್ನನ್ನು ಕರೆದರು. ಇನ್‌ಸ್ಪೆಕ್ಟರ್ ಬರುವ ದಿನ ಹತ್ತಿರವಿತ್ತು, ಸುಣ್ಣ ಕಲಸುತ್ತಿದ್ದೆ. ನಾನು ಹೋಗಲಿಲ್ಲ.